ಉಮ್ಮ ಯಾರನ್ನೂ ಕಾಯಿಸಲಿಲ್ಲ
(ದುಬೈಯ ದೇರಾದಲ್ಲಿ ನಡೆದ ತಹ್ಲೀಲ್ ಮತ್ತು ದುಆ ಕೂಟದಲ್ಲಿ ಕುಟುಂಬದ ಪರವಾಗಿ ಆಡಿದ ಮಾತು)



ಅಬುಧಾಬಿಯ ಮುಸಫ್ಫಾದಿಂದ ಬಸ್ಸು ಹಿಡಿದು ಬಂದವರಿದ್ದೀರಿ, ನೈಟ್ ಡ್ಯೂಟಿ ಮುಗಿಸಿ ನಿದ್ದೆ ಮಾಡದೆ ಬಂದವರಿದ್ದೀರಿ. ಅಲ್ಲಾಹನು ನಿಮಗೆಲ್ಲ ಒಳ್ಳೆಯ ಪ್ರತಿಫಲ ಕೊಡಲಿ.

ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರೂ ಅವರನ್ನು 'ಉಮ್ಮ' ಎಂದೇ ಕರೆಯುತ್ತಿದ್ದೆವು. ಪಾಣೆಮಂಗಳೂರಿನ ನೇತ್ರಾವತಿ ದಡದಲ್ಲಿ ಹುಟ್ಟಿದವರು. ಹುಟ್ಟಿದ ತಾರೀಕು ಯಾರಿಗೂ ಗೊತ್ತಿಲ್ಲ. ಕೇಳಿದರೆ "ಮಾರಿಬೊಳ್ಳ ಬಂದ ಮರುವರ್ಷ" ಎನ್ನುತ್ತಿದ್ದರು. ಮಾರಿಬೊಳ್ಳ ಎಂದರೆ 1923ರ ದೊಡ್ಡ ನೆರೆ. ಆ ಲೆಕ್ಕದಲ್ಲಿ ಉಮ್ಮ ನಮ್ಮನ್ನು ಬಿಟ್ಟು ಹೋದಾಗ ಅವರಿಗೆ ನೂರರ ಹತ್ತಿರ.

ಗಂಡ ದೋಣಿಯಲ್ಲಿ ಮಂಗಳೂರಿಗೆ ಸರಕು ಸಾಗಿಸುತ್ತಿದ್ದರು. ಐದು ಮಕ್ಕಳನ್ನು ಬಿಟ್ಟು ಬೇಗ ತೀರಿಕೊಂಡರು. ಮತ್ತೆ ಉಮ್ಮನ ಮಡಿಲಿಗೆ ಬಂದದ್ದು ಬೀಡಿಯ ತಡ್ಪೆ. ಎಲೆ ನೆನೆಸುವುದು, ಕತ್ತರಿಸುವುದು, ಹೊಗೆಸೊಪ್ಪು ತುಂಬಿಸಿ ಸುರುಟಿ ನೂಲು ಕಟ್ಟುವುದು. ರಾತ್ರಿ ಚಿಮಿಣಿ ದೀಪದಲ್ಲೂ ಅದೇ ಕೆಲಸ. ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಒಂದಷ್ಟು ಬೀಡಿ "ಸರಿ ಇಲ್ಲ" ಎಂದು ತೆಗೆದು ಹಾಕುತ್ತಿದ್ದರು. ಉಳಿದದ್ದರ ಹಣದಲ್ಲಿ ಗಂಜಿ, ಮಕ್ಕಳ ಮದ್ರಸ, ಮಕ್ಕಳ ಶಾಲೆ.

1974ರಲ್ಲಿ ಮತ್ತೆ ನೆರೆ ಬಂತು. ಮಣ್ಣಿನ ಗೋಡೆ ಕುಸಿಯಿತು. ಮನೆ ಕಟ್ಟಬೇಕಲ್ಲ ಎಂದು ಎರಡನೇ ಮಗ, ಅಂದರೆ ನಮ್ಮಲ್ಲಿ ಕೆಲವರ ಉಪ್ಪ, ಮೊದಲು ಬೊಂಬಾಯಿಗೆ ಹೋದರು, ಅಲ್ಲಿಂದ ಹಡಗು ಹತ್ತಿ ದುಬೈಗೆ ಬಂದರು. ಯುಎಇ ಆಗಿ ಆಗ ಇನ್ನೂ ಮೂರು ನಾಲ್ಕು ವರ್ಷ ಅಷ್ಟೆ. ಅವರ ಹಿಂದೆ ತಮ್ಮ, ತಮ್ಮನ ಹಿಂದೆ ಅಳಿಯ, ಕೊನೆಗೆ ನಾವು. ನಾಲ್ಕು ಗೋಡೆ ಎಬ್ಬಿಸಲು ಬಂದವರು ಐವತ್ತು ವರ್ಷವಾದರೂ ಇಲ್ಲೇ ಇದ್ದೇವೆ.

ಉಮ್ಮನಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ನಮ್ಮ ಕಾಗದವನ್ನು ನೆರೆಮನೆಯ ಶಾಲೆಗೆ ಹೋಗುವ ಹುಡುಗಿ ಓದಿ ಹೇಳಬೇಕಿತ್ತು. ಉತ್ತರ ಬರೆಸುವಾಗ ಉಮ್ಮನದು ಯಾವಾಗಲೂ ಒಂದೇ ಮಾತು: "ಇಲ್ಲಿ ಎಲ್ಲ ಸುಖ. ನೀವು ಚಿಂತೆ ಮಾಡಬೇಡಿ." ಒಂದು ಮಳೆಗಾಲ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕೈ ಮುರಿದಿತ್ತು. ಆ ತಿಂಗಳ ಕಾಗದದಲ್ಲೂ "ಎಲ್ಲ ಸುಖ". ನಮಗೆ ತಿಳಿದದ್ದು ಎರಡು ವರ್ಷ ಕಳೆದು ರಜೆಯಲ್ಲಿ ಊರಿಗೆ ಹೋದಾಗ, ಆ ಕೈ ಸ್ವಲ್ಪ ಸೊಟ್ಟಗಿರುವುದನ್ನು ಕಂಡ ಮೇಲೆ.

ನಾವೇನು ಕಡಿಮೆಯೇ? ಒಂದು ರೂಮಿನಲ್ಲಿ ಹನ್ನೆರಡು ಜನ ಮಲಗಿ, ಮೂರು ತಿಂಗಳ ಸಂಬಳ ಬಾಕಿ ಇರುವಾಗ ನಾವೂ "ಇಲ್ಲಿ ಎಲ್ಲ ಸುಖ" ಎಂದೇ ಬರೆದವರು. ಅವರು ನಮಗೆ ಅಡಗಿಸಿದರು, ನಾವು ಅವರಿಗೆ ಅಡಗಿಸಿದೆವು.

ಕಾಗದ ಹೋಗಿ ಕ್ಯಾಸೆಟ್ ಬಂತು, ಮತ್ತೆ ಎಸ್‌ಟಿಡಿ ಬೂತ್, ಮತ್ತೆ ಮೊಬೈಲ್. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾಯಿತು. ಬೊಂಬಾಯಿ ಸುತ್ತುವುದು ತಪ್ಪಿತು. ಆದರೆ ರಜೆ ಮಾತ್ರ ಅದೇ, ಎರಡು ವರ್ಷಕ್ಕೊಮ್ಮೆ. ಕೊನೆಯ ವರ್ಷಗಳಲ್ಲಿ ಬೋಟಿಮ್‌ನಲ್ಲಿ ಮುಖ ತೋರಿಸುತ್ತಿದ್ದೆವು. ಕಣ್ಣು ಮಂಜಾದ ಉಮ್ಮ ಮೊಬೈಲನ್ನು ಮುಖಕ್ಕೆ ತಾಗಿಸಿ ಕೇಳುತ್ತಿದ್ದರು: "ಉಂಡೆಯಾ ಮೋನೆ? ಯಾವಾಗ ಬರುತ್ತಿ?" ನಮ್ಮ ಉತ್ತರವೂ ಯಾವಾಗಲೂ ಒಂದೇ: "ಬರ್ತೇನೆ ಉಮ್ಮ, ಈ ನೋಂಬು ಕಳೆಯಲಿ."

ಅಂದು ಊರಿನಲ್ಲಿ ಸುಬಹಿ ಬಾಂಗಿನ ಹೊತ್ತು. ಇಲ್ಲಿ ಒಂದೂವರೆ ಗಂಟೆ ಹಿಂದೆ, ಇನ್ನೂ ಕತ್ತಲೆ. ಫೋನ್ ಬಂತು. ಯಾರ ಪಾಸ್‌ಪೋರ್ಟ್ ಎಲ್ಲಿದೆ, ಟಿಕೆಟ್ ಸಿಗುತ್ತದಾ ಎಂದು ಓಡಾಡುತ್ತಿದ್ದಾಗ ಊರಿನಿಂದ ಹೇಳಿದರು: ಉಮ್ಮನ ವಸಿಯ್ಯತ್ ಇದೆ, "ನನ್ನ ಮಯ್ಯತ್ ಇಟ್ಟುಕೊಂಡು ಯಾರಿಗೂ ಕಾಯಬೇಡಿ." ಬದುಕಿದಷ್ಟು ದಿನ ನಮಗಾಗಿ ಕಾದವರು ತನ್ನನ್ನು ಮಣ್ಣು ಮಾಡಲು ಕಾಯಬೇಡಿ ಎಂದರು. ಲುಹರ್ ನಮಾಜಿನ ಬಳಿಕ ದಫನ ಆಯಿತು. ನಾವು ಇಲ್ಲಿ ಮೊಬೈಲ್ ಹಿಡಿದು ನೋಡಿದೆವು. ಒಬ್ಬ ಕೆಲಸದ ಸೈಟಿನಲ್ಲಿ, ಒಬ್ಬ ಗ್ರೋಸರಿಯ ಕೌಂಟರಿನ ಹಿಂದೆ.

ಇನ್ನೊಂದು ವಿಷಯ ಹೇಳಬೇಕು. ಉಮ್ಮನ ಪೆಟ್ಟಿಗೆಯಲ್ಲಿ ಕಫನ್ ಬಟ್ಟೆ ಮಡಚಿ ಇತ್ತು. ನಾವು ಕಳಿಸಿದ ಹಣದ್ದಲ್ಲ, ಬೀಡಿಯ ದುಡ್ಡಿನಲ್ಲಿ ತಾನೇ ತೆಗೆದಿಟ್ಟದ್ದು. "ಮಕ್ಕಳ ಬೆವರಿನ ಹಣ ಮಕ್ಕಳ ಮನೆಗೇ ಆಗಲಿ" ಎಂದಿದ್ದರಂತೆ. ಈ ಮಾತು ಕೇಳಿದ ಮೇಲೆ ನಮಗೆ ಅಳು ತಡೆಯಲಿಲ್ಲ.

ಹಾಗಾಗಿ ನಿಮ್ಮ ಹತ್ತಿರ ನಮ್ಮದು ಎರಡು ವಿನಂತಿ.

ಒಂದು, ಕಾನೂನಿನದು. 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಯುಎಇ ಕಾರ್ಮಿಕ ಕಾನೂನಿನಲ್ಲಿ ಖಾಸಗಿ ಕಂಪನಿಯವರಿಗೆ ಮರಣದ ರಜೆ ಇದೆ. ಗಂಡ ಅಥವಾ ಹೆಂಡತಿ ತೀರಿಕೊಂಡರೆ 5 ದಿನ. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಮೊಮ್ಮಕ್ಕಳು, ಅಜ್ಜ, ಅಜ್ಜಿ ತೀರಿಕೊಂಡರೆ 3 ದಿನ. ಸಂಬಳ ಕಡಿಯುವಂತಿಲ್ಲ. ತೀರಿಕೊಂಡ ದಿನದಿಂದಲೇ ಲೆಕ್ಕ. ನಮ್ಮಲ್ಲಿ ಇಬ್ಬರಿಗೆ ಇದು ಗೊತ್ತೇ ಇರಲಿಲ್ಲ, ಅಂದೂ ಡ್ಯೂಟಿಗೆ ಹೋದರು. ಅಜ್ಜಿಗೂ ರಜೆ ಉಂಟು ಎಂದು ನಿಮ್ಮ ರೂಮಿನವರಿಗೆಲ್ಲ ಹೇಳಿ.

ಎರಡು, ಮೂರು ದಿನದ ರಜೆಯಲ್ಲಿ ಊರಿಗೆ ಹೋಗಿ ಖಬರಿನ ಹತ್ತಿರ ನಿಂತು ದುಆ ಮಾಡಬಹುದು ಅಷ್ಟೆ, ಉಮ್ಮನ ಹತ್ತಿರ ಕೂತು ಮಾತನಾಡಲು ಆಗುವುದಿಲ್ಲ. ಅವರು ಇರುವಾಗಲೇ ಹೋಗಿ. ಹೋಗಲಾಗದಿದ್ದರೆ ಇಂದು ರಾತ್ರಿ ಫೋನ್ ಮಾಡಿ, "ಎಲ್ಲ ಸುಖ" ಎಂದರೆ ಅಷ್ಟಕ್ಕೇ ಇಡಬೇಡಿ. ಕೈ ಹೇಗಿದೆ, ಕಾಲು ಹೇಗಿದೆ, ಮದ್ದು ಮುಗಿದಿದೆಯಾ ಎಂದು ಬಿಡಿಸಿ ಕೇಳಿ. ನಿಮ್ಮ ಕಷ್ಟವನ್ನೂ ಸ್ವಲ್ಪ ಹೇಳಿ. ಅವರಿಗೆ ತಡೆದುಕೊಳ್ಳುವ ಶಕ್ತಿ ನಮಗಿಂತ ಹೆಚ್ಚು ಇದೆ.

ಅಲ್ಲಾಹನು ನಮ್ಮ ಉಮ್ಮನ ಖಬರನ್ನು ವಿಶಾಲಗೊಳಿಸಲಿ. ನಿಮ್ಮ ಉಮ್ಮಂದಿರಿಗೆ ಆಫಿಯತ್ತಿರುವ ದೀರ್ಘಾಯುಸ್ಸು ಕೊಡಲಿ. ಆಮೀನ್.