ಸಕ್ಕರೆಯ ಹರಳು, ಬೆಲ್ಲದ ಬಣ್ಣ: ರಸದ ಕಲ್ಮಶಗಳ ಪ್ರಭಾವ

(ಇಟ್ಟಂಗಿಹಾಳದಲ್ಲಿ ರೈತರೆದುರು ಮಾಡಿದ ಭಾಷಣ)



ಇಟ್ಟಂಗಿಹಾಳ, ತಿಕೋಟಾ ಭಾಗ ದ್ರಾಕ್ಷಿಗೆ ಹೆಸರಾದದ್ದು. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹರಿದ ಮೇಲೆ ಕಬ್ಬಿನ ಮಾತೂ ಹೆಚ್ಚಾಗಿದೆ. ಒಂದೇ ತಳಿ, ಒಂದೇ ಗಾಣ. ಆದರೂ ಒಬ್ಬರ ಬೆಲ್ಲ ಹೊಂಬಣ್ಣದಿಂದ ಹರಳುಗಟ್ಟುತ್ತದೆ, ಇನ್ನೊಬ್ಬರದು ಕಪ್ಪಾಗಿ ನೀರೊಡೆಯುತ್ತದೆ. ಇದಕ್ಕೆ ಮುಖ್ಯ ಕಾರಣ ರಸದಲ್ಲಿನ ಕಲ್ಮಶಗಳು.

ಕಬ್ಬಿನ ಸಕ್ಕರೆಗೆ ಸುಕ್ರೋಸ್ ಎಂದು ಹೆಸರು. ಪಾಕ ಗಟ್ಟಿಯಾದಂತೆ ಅದರ ಕಣಗಳು ಗೋಡೆಯ ಇಟ್ಟಂಗಿಗಳಂತೆ ಸಾಲಾಗಿ ಕೂತು ಹರಳು ಬೆಳೆಯುತ್ತದೆ. ಬೇರೆ ಪದಾರ್ಥ ಅಡ್ಡ ಬಂದರೆ ಈ ಸಾಲು ಕೆಡುತ್ತದೆ.

ಮೊದಲನೆಯದು, ಗ್ಲೂಕೋಸ್, ಅಂದರೆ ದ್ರಾಕ್ಷಿ ಸಕ್ಕರೆ, ಮತ್ತು ಫ್ರಕ್ಟೋಸ್. ದ್ರಾಕ್ಷಿಗೆ ಇವೇ ಸಿಹಿ. ಕಬ್ಬಿನ ರಸದಲ್ಲಿ ಹೆಚ್ಚಾದರೆ ತೊಂದರೆ. ಎಳೆಯ ಕಬ್ಬಿನಲ್ಲೂ ಕಡಿದು ಒಣಗಿದ ಕಬ್ಬಿನಲ್ಲೂ ಇವು ಹೆಚ್ಚು. ಇವು ಹರಳಿನ ಬೆಳವಣಿಗೆ ತಡೆಯುತ್ತವೆ, ಬೆಲ್ಲಕ್ಕೆ ತೇವ ಎಳೆಯುತ್ತವೆ. ಕಾಯಿಸುವಾಗ ಅಮೈನೊ ಆಮ್ಲಗಳೊಡನೆ ಕೂಡಿ ಕಂದು ಬಣ್ಣ ತರುತ್ತವೆ.

ಎರಡನೆಯದು, ಡೆಕ್ಸ್‌ಟ್ರಾನ್ ಎಂಬ ಅಂಟು. ಕಡಿದಿಟ್ಟ ಕಬ್ಬಿನ ಗಾಯದಿಂದ ಸೂಕ್ಷ್ಮಾಣುಗಳು ಒಳಹೊಕ್ಕು ಸುಕ್ರೋಸಿನಿಂದಲೇ ಇದನ್ನು ತಯಾರಿಸುತ್ತವೆ. ಇದರಿಂದ ಹರಳು ಸಮನಾಗಿ ಬೆಳೆಯದೆ ಸೂಜಿಯಂತೆ ಉದ್ದವಾಗುತ್ತದೆ.

ಮೂರನೆಯದು, ಲವಣಗಳು. ನೀರು ಹೆಚ್ಚಾಗಿ ಎರೆಭೂಮಿ ಸವಳಾದರೆ ಸೋಡಿಯಂ, ಕ್ಲೋರೈಡ್ ರಸಕ್ಕೂ ಸೇರುತ್ತವೆ. ಬೆಲ್ಲ ಉಪ್ಪಾಗಿ ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ ಸಕ್ಕರೆ ಹರಳಾಗದೆ ಕಾಕಂಬಿಯಲ್ಲಿ ಉಳಿಯುತ್ತದೆ.

ಇನ್ನು ಸೋಗೆ ಹಾಗೂ ಎಳೆ ತುದಿಯಲ್ಲಿ ಫೀನಾಲ್ ಪದಾರ್ಥಗಳು ಹೆಚ್ಚು. ಇವು ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತವೆ. ಹರಳಿನೊಳಗೆ ಸಿಕ್ಕಿಕೊಂಡ ಬಣ್ಣ ಮೇಲೆ ನೀರು ಹಾಕಿ ತೊಳೆದರೆ ಹೋಗುವುದಿಲ್ಲ.

ಕೇಂದ್ರ ಸರಕಾರ ನಿಗದಿಪಡಿಸುವ ಕಬ್ಬಿನ ದರ ಶೇಕಡಾ 10.25 ಸಕ್ಕರೆ ಇಳುವರಿಯನ್ನು ಆಧರಿಸಿದೆ. ಲೆಕ್ಕ ಹಿಡಿಯುವುದು ಇಡೀ ಕಾರ್ಖಾನೆಯ ಇಳುವರಿಯನ್ನು. ಆದ್ದರಿಂದ ಒಬ್ಬರ ಹಳಸಿದ ಕಬ್ಬಿನ ನಷ್ಟ ಎಲ್ಲರಿಗೂ ತಟ್ಟುತ್ತದೆ.

ಆದಕಾರಣ ಈ ಕ್ರಮಗಳನ್ನು ಅನುಸರಿಸಬೇಕು:

1. ಸಾರಜನಕ ಗೊಬ್ಬರವನ್ನು ತಡವಾಗಿ ಕೊಡಬಾರದು.

2. ಹೊಲಕ್ಕೆ ಬಸಿಗಾಲುವೆ ತೆಗೆಯಬೇಕು; ಹದವರಿತು ನೀರು ಹಾಯಿಸಬೇಕು.

3. ಪಕ್ವವಾದ ಕಬ್ಬನ್ನು ಬುಡಕ್ಕೆ ಕಡಿದು, ತುದಿ ಮತ್ತು ರವದಿ ತೆಗೆದು, 24 ಗಂಟೆಯೊಳಗೆ ಅರೆಯಬೇಕು.

4. ರಸ ತಿಳಿಯಾಗಿಸಲು ಬೆಂಡೆಯ ಲೋಳೆ ಉತ್ತಮ. ಸುಣ್ಣ ಅತಿಯಾದರೆ ಬೆಲ್ಲ ಕಪ್ಪಾಗುತ್ತದೆ. ಹೈಡ್ರೋಸಿನಿಂದ ಬರುವ ಬಿಳುಪು ಕೆಲವು ದಿನಗಳದ್ದು. ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ.

ಈ ಹಂಗಾಮಿನಲ್ಲಿ ಕಡಿದ ವೇಳೆ, ಅರೆದ ವೇಳೆ ಎರಡನ್ನೂ ಬರೆದಿಟ್ಟು, ಬೆಲ್ಲದ ಬಣ್ಣದೊಡನೆ ಹೋಲಿಸಿ ನೋಡಿರೆಂದು ವಿನಂತಿಸುತ್ತೇನೆ.