ಎಣ್ಣೆಯ ಹಾದಿ, ಮುಳ್ಳಿನ ಸಾಕ್ಷ್ಯ

ಸಂಸ್ಕೃತದಲ್ಲಿ ಸ್ನೇಹವೆಂದರೆ ಒಲವೂ ಹೌದು, ಎಣ್ಣೆಯೂ ಹೌದು. ನಮ್ಮ ‘ಎಣ್ಣೆ’ಯಾದರೋ ಎಳ್ಳು, ನೆಯ್ ಎಂಬೆರಡು ಮಾತುಗಳು ಬೆಸೆದು ಆದದ್ದು, ಎಳ್ಳಿನ ಜಿಡ್ಡೆಂಬುದೇ ಅದರ ಮೂಲಾರ್ಥ. ಮುಂದೆ ಆ ಮಾತು ಕುಸುಬೆಗೂ ಹರಳಿಗೂ ಸಂದಿತು, ಕೊನೆಗೆ ಭೂಮಿಯ ಒಡಲಿನಿಂದ ಬಂದ ಖನಿಜತೈಲಕ್ಕೂ ಸಂದಿತು. ಇಷ್ಟು ಹೇಳಿ ನಾನು ನಿಘಂಟನ್ನು ಮುಚ್ಚುತ್ತೇನೆ. ಏಕೆಂದರೆ ಈ ಹೊತ್ತು ಹೇಳಬೇಕಾಗಿರುವುದು ಮೋಟಾರುಗಾಡಿಯ ಹೊಟ್ಟೆಯೊಳಗಿನ ಎರಡು ಮೂರು ಸಣ್ಣ ಕೊಳವೆಗಳ ಸಂಗತಿ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದೇಕೆ ಎನ್ನುವವರಿದ್ದಾರೆ. ನಮ್ಮ ಪಾಮನಕಲ್ಲೂರಿನಂಥ ಊರಿನಲ್ಲಿ ರಾತ್ರಿಯ ಹೊತ್ತು ರೋಗಿಯನ್ನು ಲಿಂಗಸುಗೂರಿಗೋ ರಾಯಚೂರಿಗೋ ಒಯ್ಯುವುದು ಬಾಡಿಗೆ ಕಾರು. ಅದರ ಎಂಜಿನ್ನು ನಡುದಾರಿಯಲ್ಲಿ ನಿಂತರೆ ಅದು ಯಂತ್ರಜ್ಞರೊಬ್ಬರ ಚಿಂತೆಯಾಗಿ ಉಳಿಯುವುದಿಲ್ಲ.

ಹಿಂದಿನ ಬಂಡಿಗಳ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟವೊಂದು ತೂಗಾಡುತ್ತಿತ್ತು. ಎಣ್ಣೆ ಒಣಗಿದ ಬಂಡಿ ಎರಡು ಹೊಲದಾಚೆಯಿಂದಲೇ ಕಿರುಗುಟ್ಟಿ ತನ್ನ ಸಂಕಟವನ್ನು ಹೇಳಿಕೊಳ್ಳುತ್ತಿತ್ತು. ಒಡೆಯ ಇಳಿದು, ಅಚ್ಚಿಗೆ ಎಣ್ಣೆ ಸವರಿ, ಮತ್ತೆ ಹತ್ತುತ್ತಿದ್ದ. ಇಂದಿನ ಟರ್ಬೊ ಕಾರಿಗೆ ಆ ವ್ಯವಧಾನವಿಲ್ಲ. ಅದರ ಅಚ್ಚು ದನಿ ತೆಗೆಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಟರ್ಬೊ ಎಂದರೇನು? ಎಂಜಿನ್ನು ಉಸಿರುಬಿಟ್ಟ ಬಿಸಿ ಹೊಗೆ ಸೈಲೆನ್ಸರಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಗಾಲಿಯನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಗಾಲಿ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುತ್ತದೆ. ಪೋಲಾಗುವ ಹೊಗೆಯಿಂದಲೇ ದುಡಿಸಿಕೊಳ್ಳುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟು ಪಡೆದಿದ್ದ. ನಮ್ಮ ರಸ್ತೆಗಳಲ್ಲಿ ಅದು ಸರ್ವಸಾಧಾರಣವಾದದ್ದು ಬಹಳ ತಡವಾಗಿ. ಬಿಡದಿಯಲ್ಲಿ ತಯಾರಾದ ಇನ್ನೋವಾ 2005ರಲ್ಲಿ ಬಂತು, ಸ್ವಿಫ್ಟಿನ ಡೀಸೆಲ್ ಕಾರು 2007ರಲ್ಲಿ. ಎರಡರಲ್ಲಿಯೂ ಟರ್ಬೊ ಇತ್ತು.

ಆ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ; ಸಣ್ಣ ಕಾರುಗಳಲ್ಲಿ ಎರಡು ಲಕ್ಷದ ಹತ್ತಿರಕ್ಕೂ ಹೋಗುವುದುಂಟು. ಒಂದು ಮಗ್ಗುಲಲ್ಲಿ ಏಳೆಂಟುನೂರು ಡಿಗ್ರಿ ಕಾವಿನ ಹೊಗೆ, ಇನ್ನೊಂದು ಮಗ್ಗುಲಲ್ಲಿ ಹೊರಗಿನ ಗಾಳಿ. ಬಹುಪಾಲು ಟರ್ಬೊಗಳಲ್ಲಿ ಅಚ್ಚನ್ನು ಹಿಡಿದಿರುವುದು ಗುಂಡುಗಳ ಬೇರಿಂಗಲ್ಲ, ನುಣುಪಾದ ಲೋಹದ ಬಳೆ. ಅಚ್ಚಿಗೂ ಬಳೆಗೂ ನಡುವೆ ಕೂದಲೆಳೆಗಿಂತ ಕಿರಿದಾದ ತೆರವು. ಆ ತೆರವನ್ನು ತುಂಬಿದ ಎಣ್ಣೆಯ ಪೊರೆಯ ಮೇಲೆ ಅಚ್ಚು ತೇಲುತ್ತದೆ. ಲೋಹಕ್ಕೆ ಲೋಹ ತಾಗುವುದಿಲ್ಲ, ತಾಗಕೂಡದು.

ಎಣ್ಣೆ ಹೀಗೆ ಭಾರವನ್ನು ಹೊರುತ್ತದೆಂಬುದು ಗೊತ್ತಾದ ಬಗೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನಲ್ಲಿ ಬೋಚಂಪ್ ಟವರ್ ಎಂಬಾತ ರೈಲಿನ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಅವನ ವರದಿ ಅಚ್ಚಾದದ್ದು 1883ರಲ್ಲಿ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರೆ, ಒಳಗೆ ಹೋಗಬೇಕಾದ ಎಣ್ಣೆ ಹೊರಕ್ಕೆ ಉಕ್ಕಿತು. ಬೆಂಡಿನಿಂದ ಮುಚ್ಚಿದ, ಬೆಂಡು ಹಾರಿತು. ಮರದ ಬೆಣೆ ಹೊಡೆದ. ಅದೂ ಮೆಲ್ಲಗೆ ಎದ್ದುಬಂತು. ಕಡೆಗೆ ಅಲ್ಲಿಗೊಂದು ಒತ್ತಡದ ಗೇಜನ್ನೇ ಕೂಡಿಸಿದ. ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನ ಗೆರೆಯನ್ನು ದಾಟಿಹೋಯಿತು. ಹೊರಿಸಿದ್ದ ಸರಾಸರಿ ಭಾರ ಸುಮಾರು ಅದರ ಅರ್ಧ. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಇರುಕಿಗೆಳೆದುಕೊಂಡು ತನ್ನನ್ನು ಎತ್ತಿ ಹಿಡಿಯುವ ಒತ್ತಡವನ್ನು ಹುಟ್ಟಿಸಿಕೊಳ್ಳುತ್ತದೆ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದರ ಗಣಿತವನ್ನು ಬರೆದ. ಇದರಿಂದ ನಮಗೆ ಬೇಕಾದದ್ದು ಇಷ್ಟು: ಅಚ್ಚನ್ನು ಎತ್ತುವುದು ಪಂಪಿನ ಒತ್ತಡವಲ್ಲ. ಪಂಪಿನ ಕೆಲಸ ಎಣ್ಣೆಯನ್ನು ಆ ಬಾಗಿಲವರೆಗೆ, ಎಡೆಬಿಡದೆ, ತಂದು ಒಪ್ಪಿಸುವುದು. ತರುವ ಹಾದಿ ಕಟ್ಟಿದರೆ ಪಂಪು ಎಷ್ಟು ಬಲವಾಗಿದ್ದರೂ ಪ್ರಯೋಜನವಿಲ್ಲ.

ಆ ಹಾದಿಯಲ್ಲಿ ಕೊಳವೆ ಎರಡು. ಎಂಜಿನ್ನಿನ ಮುಖ್ಯ ಎಣ್ಣೆಗಾಲುವೆಯಿಂದ, ಸೋಸಿದ ಎಣ್ಣೆಯನ್ನು ಟರ್ಬೊವಿನ ನೆತ್ತಿಗೆ ತರುವ ಕೊಳವೆ ತೆಳ್ಳನೆಯದು. ಒಳದಾರಿ ನಾಲ್ಕೈದು ಮಿಲಿಮೀಟರು. ಕೆಲಸ ಮುಗಿದ ಎಣ್ಣೆಯನ್ನು ಕೆಳಗಿನ ಚೇಂಬರಿಗೆ ಇಳಿಸುವ ರಿಟರ್ನ್ ಪೈಪು ಅದರ ಮೂರು ನಾಲ್ಕರಷ್ಟು ದಪ್ಪ. ಹೋದ ಎಣ್ಣೆಯೇ ಬರುವುದಾದರೆ ಈ ತಾರತಮ್ಯವೇಕೆ? ಹೊರಬರುವ ಎಣ್ಣೆ ನೊರೆಯಾಗಿರುತ್ತದೆ, ಅದನ್ನು ನೂಕುವ ಒತ್ತಡವೂ ಆಗ ಉಳಿದಿರುವುದಿಲ್ಲ. ತನ್ನ ತೂಕದಿಂದ ತಾನೇ ಇಳಿಯಬೇಕು. ಆದುದರಿಂದ ರಿಟರ್ನ್ ಪೈಪು ಎಲ್ಲಿಯೂ ಹೊಟ್ಟೆ ಬಿಡದೆ, ಮೇಲಕ್ಕೇಳದೆ, ಆದಷ್ಟು ನೆಟ್ಟಗೆ ಇಳಿದು, ಚೇಂಬರಿನಲ್ಲಿ ನಿಂತ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಇದು ತಪ್ಪಿದರೆ ಎಣ್ಣೆ ಟರ್ಬೊದಲ್ಲೇ ನಿಂತು ಎರಡು ಕಡೆಗೂ ಸೋರುತ್ತದೆ. ನೀಲಿ ಹೊಗೆ ಕಂಡವರು ಟರ್ಬೊವನ್ನೇ ದೂರುತ್ತಾರೆ.

ಮೂರನೆಯದು ಗೇಜಿನ ಕೊಳವೆ. ಹಳೆಯ ಜೀಪುಗಳಲ್ಲಿ ಚಾಲಕನ ಕಣ್ಣೆದುರಿಗೆ ಎಣ್ಣೆಯ ಮುಳ್ಳಿರುತ್ತಿತ್ತು. ಇಂದಿನ ಹೆಚ್ಚಿನ ಕಾರುಗಳಲ್ಲಿ ಒಂದು ಕೆಂಪು ದೀಪವಷ್ಟೆ. ಒತ್ತಡ ಸಾಮಾನ್ಯವಾಗಿ ಐದಾರು ಪೌಂಡಿಗೆ ಕುಸಿದಾಗ ಮಾತ್ರ ಅದು ಹತ್ತಿಕೊಳ್ಳುತ್ತದೆ. ಓಡುವ ಗಾಡಿಯಲ್ಲಿ ಅದು ಅನಾಹುತದ ಸೂಚನೆಗಿಂತ ಅನಾಹುತದ ವರದಿ. ಹಾಗಾಗಿ ಹುಷಾರಿನವರು ಬೇರೆಯಾಗಿ ಗೇಜು ಹಾಕಿಸುತ್ತಾರೆ. ಕಾದ ಎಂಜಿನ್ನು ಸಾವಿರ ಸುತ್ತಿಗೆ ಹತ್ತು ಪೌಂಡಿನ ಲೆಕ್ಕದಲ್ಲಿ ತೋರಿಸಬೇಕೆಂಬುದು ಮಿಸ್ತ್ರಿಗಳ ಬಾಯಲ್ಲಿರುವ ಸೂತ್ರ.

ನಮ್ಮ ಬಳಗದ ಯುವಕನೊಬ್ಬ ಹೀಗೆಯೇ ಹಾಕಿಸಿದ್ದ. ಬಾಡಿಗೆಗೆ ಓಡುವ ಅವನ ಕಾರಿನ ಟರ್ಬೊ ಹಳತಾಗಿ ಸವೆದಿತ್ತು. ದೂರದ ಊರೊಂದರಲ್ಲಿ ಹೊಸದನ್ನು ಕೂಡಿಸಿ, ಎಣ್ಣೆಗಾಲುವೆಯ ಬಾಯಿಯಲ್ಲಿ ಟೀ ಆಕಾರದ ಜೋಡಣೆಯಿಟ್ಟು, ಒಂದು ಕವಲು ಟರ್ಬೊವಿಗೆ, ಇನ್ನೊಂದು ಗೇಜಿಗೆ ಎಂದು ಹಂಚಿದರು. ಹತ್ತಾರು ಸಾವಿರ ರೂಪಾಯಿ ಸಾಲದ ಹಣ. ಹನ್ನೊಂದನೆಯ ದಿನ ಟರ್ಬೊ ಕಿರುಚಿತು, ನಿಂತಿತು. ಅಷ್ಟು ದಿನವೂ, ಆ ಗಳಿಗೆಯಲ್ಲೂ, ಮುಳ್ಳು ನಲವತ್ತರ ಮೇಲೆಯೇ ಇತ್ತೆಂದು ಅವನು ಆಣೆ ಮಾಡಿ ಹೇಳುತ್ತಿದ್ದ. ಯಾರೂ ನಂಬಲಿಲ್ಲ.

ಬಿಚ್ಚಿ ನೋಡಿದವನು ಮಸ್ಕಿಯಲ್ಲಿ ಅಂಗಡಿಯಿಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ. ಟರ್ಬೊವಿನ ನೆತ್ತಿಯಲ್ಲಿ ಕೊಳವೆಯನ್ನು ಬಿಗಿಯುವ ಟೊಳ್ಳು ಬೋಲ್ಟೊಂದಿದೆ, ಬ್ಯಾಂಜೊ ಬೋಲ್ಟೆನ್ನುತ್ತಾರೆ. ಅದರ ಪಕ್ಕದ ತೂತಿನೊಳಗೆ ಗ್ಯಾಸ್ಕೆಟ್ ಅಂಟಿನ ಒಂದು ಕೆಂಪು ತುಣುಕು ಕೂತಿತ್ತು. ಸೋರದಿರಲೆಂದು ಯಾರೋ ಧಾರಾಳವಾಗಿ ಬಳಿದದ್ದು. ಅವನು ಅದನ್ನು ಸೂಜಿಯ ಮೊನೆಯಲ್ಲಿ ಎತ್ತಿ ತೋರಿಸಿ ಹೇಳಿದ:

“ಗೇಜು ಸುಳ್ಳು ಹೇಳಿಲ್ರಿ ಸರ. ತಾನು ನಿಂತ ಜಾಗದಾಗ ಎಷ್ಟೈತೋ ಅಷ್ಟ ಹೇಳೈತ್ರಿ. ಕಾಲುವಿ ಗೇಜು ಇದ್ದಂಗ್ರಿ ಇದು.”

ಈ ಹೋಲಿಕೆಯ ಬೆಲೆ ನಮ್ಮ ಸೀಮೆಯವರಿಗೆ ಚೆನ್ನಾಗಿ ತಿಳಿದೀತು. ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಗೇಜೆಂಬುದು ದಿನಬಳಕೆಯ ಮಾತು. ಇಂಥ ಮೈಲಿನಲ್ಲಿ ಇಷ್ಟು ಅಡಿ ಗೇಜಿದೆ ಎಂದು ಮೇಲಿನವರು ಹೇಳುತ್ತಾರೆ. ಅದು ನಿಜವೂ ಆಗಿರುತ್ತದೆ. ಆದರೆ ವಿತರಣಾ ಕಾಲುವೆಯ ಬಾಯಲ್ಲಿ ಹೂಳು ತುಂಬಿದ್ದರೆ ಕೊನೆಯ ಹೊಲದ ಭತ್ತ ಒಣಗುತ್ತದೆ. ತೆರೆದ ಹಾದಿ ಮುಚ್ಚಿದಷ್ಟೂ ಹಿಂದಿನ ಮಟ್ಟ ಏರಿ ಗೇಜು ಇನ್ನೂ ಸೊಗಸಾಗಿ ಕಾಣುತ್ತದೆ. 2020ರಲ್ಲಿ 5ಎ ಕಾಲುವೆಗಾಗಿ ಧರಣಿ ಕೂತ ಊರಿನವನು ನಾನು. ಎಲ್ಲಿಯದೋ ಗೇಜಿನ ಅಂಕಿ ನನ್ನ ಹೊಲದ ತೇವವಲ್ಲವೆಂಬುದನ್ನು ನಮ್ಮೂರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇಜಿನ ಕೊಳವೆಯಲ್ಲಿ ಎಣ್ಣೆ ಹರಿಯುವುದೇ ಇಲ್ಲ, ಅಲ್ಲಿ ಅದು ನಿಂತ ನೀರು. ಒತ್ತುವುದನ್ನಷ್ಟೇ ಅದು ಬಲ್ಲದು. ಹರಿಯುವುದು ಪಕ್ಕದ ಕವಲಿನ ಸಂಗತಿ.

ಹಾಗೆಂದು ಗೇಜು ವ್ಯರ್ಥವೆನ್ನಲಾರೆ. ಪಂಪು ಸವೆದರೆ, ಎಣ್ಣೆ ತೀರಿದರೆ ಮೊದಲು ಹೇಳುವುದು ಅದೇ. ಜೋಡಿಸುವ ಕ್ರಮ ಸರಿಯಿರಬೇಕು. ಎಂಜಿನ್ನಿನ ಅದುರಿಗೆ ತಾಮ್ರದ ಕೊಳವೆ ಗಡುಸಾಗಿ ಒಂದು ದಿನ ಸೀಳುತ್ತದೆ, ಸುಡುವ ಎಣ್ಣೆ ಚಾಲಕನ ಕಾಲ ಮೇಲೆ ಬೀಳುತ್ತದೆ. ವಿದ್ಯುತ್ತಿನ ಗೇಜೇ ಮೇಲು. ಅದರ ಭಾರವಾದ ಸೆಂಡರನ್ನು ಟೀಯ ತುದಿಗೆ ನೇರವಾಗಿ ತೂಗಹಾಕಿದರೆ ಟೀಯೇ ಮುರಿದೀತು. ರಬ್ಬರು ಹೋಸಿನಿಂದ ದೂರ ಒಯ್ದು ಗಾಡಿಯ ಮೈಗೆ ಬಿಗಿಯಬೇಕು. ಸೆಂಡರು ಒಂದೇ ತಂತಿಯದಾದರೆ, ಹಾಗೆ ದೂರ ಒಯ್ದಾಗ ಅರ್ಥಿಂಗಿಗೆ ಬೇರೆ ತಂತಿ ಕೊಡುವುದನ್ನು ಮರೆತವರ ಮುಳ್ಳು ಮನಬಂದಂತೆ ಕುಣಿಯುತ್ತದೆ. ನಲ್ಲಿಯವರ ಬಿಳಿ ಟೇಪು ಇಲ್ಲಿ ನಿಷಿದ್ಧ. ಅದರ ಎಳೆಯೊಂದು ಸಾಕು, ಬೇರಿಂಗಿನ ದಾರಿ ಕಟ್ಟಲು. ಬ್ಯಾಂಜೊ ಬೋಲ್ಟಿಗೆ ಎರಡು ಹೊಸ ತಾಮ್ರದ ವಾಷರು, ಅಷ್ಟೇ; ಅಂಟು ಬೇಡ. ಏರುದಾರಿಯಲ್ಲಿ ದುಡಿದು ಬಂದ ಗಾಡಿಯನ್ನು ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ನಿಲ್ಲಿಸಬೇಕೆಂಬುದನ್ನು ಎಲ್ಲರೂ ಬಲ್ಲರು, ಮಾಡುವವರು ಕಡಿಮೆ. ಕಾದ ಟರ್ಬೊದಲ್ಲಿ ನಿಂತ ಎಣ್ಣೆ ಸುಟ್ಟು ಕರಿಯಾಗಿ ಆ ಸಣ್ಣ ತೂತುಗಳಲ್ಲೇ ಗಟ್ಟಿಗೊಳ್ಳುತ್ತದೆ.

ಎರಡನೆಯ ಟರ್ಬೊ ಕೂಡಿಸಿದ ದಿನ ನಾನು ಅಂಗಡಿಯಲ್ಲಿದ್ದೆ. ಅವನು ಹಳೆಯ ಕೊಳವೆಯನ್ನು ಎಸೆದು ಹೊಸದನ್ನು ತಂದಿದ್ದ. ಟರ್ಬೊವಿನ ಬಾಯಿಗೆ ಮೊದಲೇ ಒಂದಿಷ್ಟು ಶುದ್ಧ ಎಣ್ಣೆ ಹುಯ್ದು, ಕೈಯಿಂದ ಗಾಲಿ ತಿರುಗಿಸಿದ. ಬಳಿಕ ಇಂಧನದ ಸಂಪರ್ಕ ತಪ್ಪಿಸಿ, ರಿಟರ್ನ್ ಪೈಪನ್ನು ಬಿಚ್ಚಿಯೇ ಇಟ್ಟು, ಅದರ ಕೆಳಗೆ ಒಂದು ಸ್ಟೀಲು ಬಟ್ಟಲು ಹಿಡಿದು, “ಹೂಂ, ಸೆಲ್ಫ್ ಹೊಡಿರಿ” ಎಂದ. ಹತ್ತು ಸೆಕೆಂಡು, ಬಿಡುವು, ಮತ್ತೆ ಹತ್ತು. ಗೇಜಿನ ಮುಳ್ಳು ಆಗಲೇ ಎದ್ದಿತ್ತು, ಅವನು ಅತ್ತ ನೋಡಲೇ ಇಲ್ಲ. ಬಟ್ಟಲಿಗೆ ಮೊದಲು ಗುಳ್ಳೆ ಬಂತು, ಆಮೇಲೆ ಹನಿ, ಆಮೇಲೆ ಎಳೆ ಕಡಿಯದ ಧಾರೆ. ಅದನ್ನು ಕಂಡ ಮೇಲಷ್ಟೆ ಅವನು ರಿಟರ್ನ್ ಪೈಪನ್ನು ಬಿಗಿದು, ಕೈ ಒರೆಸಿಕೊಂಡು, ಇಂಧನದ ಸಂಪರ್ಕ ಕೊಟ್ಟ.