ಘಟ್ಟದ ದಾರಿಗಳು, ನಂದಗಡದ ಸೀಮೆ



ಹಲಸಿಯಿಂದ ನಂದಗಡಕ್ಕೆ ಹೊರಟ ದಾರಿಯಲ್ಲಿ, ಊರಿಂದ ತುಸು ಹೊರಗೆ, ಚಕ್ರತೀರ್ಥವೆಂಬ ಸಣ್ಣ ಬಾವಿ. ಅದರ ಪಕ್ಕದ ಮಣ್ಣಿನ ದಿಬ್ಬದಲ್ಲಿ 19ನೇ ಶತಮಾನದಲ್ಲಿ ಒಂದಿಷ್ಟು ತಾಮ್ರಪಟಗಳು ಸಿಕ್ಕವು. ಜೆ. ಎಫ್. ಫ್ಲೀಟ್ ಎಂಬ ಅಧಿಕಾರಿ ಅವನ್ನು ಓದಿ 1870ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಖಾನಾಪುರ ತಾಲ್ಲೂಕಿನ ಕಾಡಂಚಿನ ಹಲಸಿಯೇ ಬನವಾಸಿ ಕದಂಬರ ಎರಡನೇ ರಾಜಧಾನಿ ಪಲಾಶಿಕಾ ಎಂಬುದಕ್ಕೆ ಆ ಪಟಗಳಿಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಪಟಗಳಲ್ಲಿ ಅರಸರ ಬಿರುದುಗಳಷ್ಟೇ ಇಲ್ಲ. ಮೃಗೇಶವರ್ಮ ತನ್ನ ತಂದೆ ಶಾಂತಿವರ್ಮನ ನೆನಪಿಗೆ ಇಲ್ಲಿ ಬಸದಿ ಕಟ್ಟಿಸಿ, ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರೂ ಪಂಗಡದ ಮುನಿಗಳಿಗಾಗಿ 33 ನಿವರ್ತನ ಭೂಮಿ ಬಿಟ್ಟ. ರವಿವರ್ಮನ ಕಾಲದ ಪಟದಲ್ಲಿ ಇನ್ನೂ ಬಿಡಿಸಿ ಹೇಳಿದೆ: ವರ್ಷವರ್ಷವೂ ಕಾರ್ತಿಕದಲ್ಲಿ ಎಂಟು ದಿನ ಜಿನೋತ್ಸವ ನಡೆಯಬೇಕು, ಖರ್ಚು ಪುರುಖೇಟಕವೆಂಬ ಊರಿನ ಉತ್ಪತ್ತಿಯಿಂದ ಬರಬೇಕು, ಮಳೆಗಾಲದ ನಾಲ್ಕು ತಿಂಗಳು ಮುನಿಗಳಿಗೆ ಊಟ ಸಲ್ಲಬೇಕು. ಖಾನಾಪುರದ ಮಳೆ ಕಂಡವರಿಗೆ ಈ ಕೊನೆಯ ಮಾತಿನ ತೂಕ ತಿಳಿಯುತ್ತದೆ. ಇಲ್ಲಿನ ಒಳಹಳ್ಳಿಗಳಲ್ಲಿ ಹಳ್ಳ ತುಂಬಿದರೆ ಇಂದಿಗೂ ಓಡಾಟ ನಿಂತುಹೋಗುತ್ತದೆ.

ಬೆಳಗಾವಿಯಿಂದ ಬರುವ ಪ್ರವಾಸಿಗರು ಸಾಮಾನ್ಯವಾಗಿ ನಂದಗಡದಲ್ಲಿ ಇಳಿದು, ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈಮುಗಿದು ತಿರುಗಿ ಹೊರಡುತ್ತಾರೆ. ಗೋವೆಗೆ ಹೋಗುವವರು ಜಾಂಬೋಟಿಯಲ್ಲಿ ಚಹಾ ಕುಡಿದು ಚೋರ್ಲಾ ಘಾಟ್ ಇಳಿದುಬಿಡುತ್ತಾರೆ. ಹೀಗೆ ಬಿಡಿಬಿಡಿಯಾಗಿ ನೋಡಿದರೆ ಈ ಸೀಮೆಯ ಕಥೆ ಕೈಗೆ ಸಿಕ್ಕುವುದಿಲ್ಲ. ಇದು ಬಯಲಿನಿಂದ ಕಡಲಿಗೆ ಇಳಿಯುವ ದಾರಿಗಳ ನಾಡು. ರಾಜಧಾನಿ, ಪೇಟೆ, ದಂಗೆ, ರೈಲು ಎಲ್ಲವೂ ಆ ದಾರಿ ಹಿಡಿದೇ ಬಂದವು.

ಬನವಾಸಿಯ ಕದಂಬರ ಆಳ್ವಿಕೆ ಮುಗಿದು ಶತಮಾನಗಳು ಕಳೆದ ಮೇಲೆ ಹಲಸಿಗೆ ಮತ್ತೆ ದೆಸೆ ತಿರುಗಿದ್ದು ಗೋವೆಯ ಕದಂಬರ ಕಾಲಕ್ಕೆ. ಘಟ್ಟದ ಕೆಳಗೆ ಅವರಿಗೆ ಬಂದರಿತ್ತು, ಘಟ್ಟದ ಮೇಲೆ ಹಲಸಿಗೆ ಹನ್ನೆರಡು ಸಾವಿರವೆಂಬ ನಾಡಿತ್ತು. ಅವರಲ್ಲಿ ಶಿವಚಿತ್ತ ಎಂಬ ಬಿರುದಿನ ಪೆರ್ಮಾಡಿ, ವಿಷ್ಣುಚಿತ್ತ ಎಂಬ ಬಿರುದಿನ ತಮ್ಮ ವಿಜಯಾದಿತ್ಯ ಜೊತೆಯಾಗಿ ಆಳಿದವರು. ಹಲಸಿಯ ಭೂವರಾಹ ನರಸಿಂಹ ಗುಡಿ ಅವರ ಕಾಲದ್ದು. ಎತ್ತರದ ಪೌಳಿ ದಾಟಿ ಒಳಗೆ ಹೋದರೆ ಎರಡು ಗರ್ಭಗುಡಿಗಳು ಎದುರುಬದುರು ನಿಂತಿವೆ. ನಡುವಿನ ಮಂಟಪದಲ್ಲಿ ನಿಂತರೆ ಒಂದು ಕಡೆ ನರಸಿಂಹ, ಇನ್ನೊಂದು ಕಡೆ ಭೂದೇವಿಯನ್ನು ಎತ್ತಿ ಹಿಡಿದ ವರಾಹ. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಕದಂಬ ಶೈಲಿಯ ಶಿಖರ. ಶಾಸನದ ಕಾಲಗಣನೆ ಶಕವರ್ಷದ್ದಲ್ಲ, ಕಲಿಯುಗದ್ದು. ನರಸಿಂಹನ ಪ್ರತಿಷ್ಠೆ ನಡೆದದ್ದು ಕಲಿಯುಗದ 4270ನೇ ವರ್ಷ, ಅಂದರೆ ಕ್ರಿ.ಶ. 1169. ವರಾಹ ಬಂದದ್ದು ಇನ್ನೂ ಹದಿನೇಳು ವರ್ಷದ ಮೇಲೆ. ಪೆರ್ಮಾಡಿಯ ರಾಣಿ ಕಮಲಾದೇವಿಯ ಹೆಸರು ಕಿತ್ತೂರಿನ ಬಳಿಯ ದೇಗಾಂವದ ಕಮಲನಾರಾಯಣ ಗುಡಿಯಲ್ಲಿ ಉಳಿದಿದೆ. ಕಟ್ಟಿದ ಶಿಲ್ಪಿ ತಿಪ್ಪೋಜ. ಹಲಸಿ ನೋಡಿದವರು ದೇಗಾಂವಕ್ಕೂ ಹೋಗಲೇಬೇಕು. ಗೋವೆಯ ಸರ್ಕಾರಿ ಬಸ್ ಸಂಸ್ಥೆ ಇಂದಿಗೂ ಕದಂಬರ ಹೆಸರನ್ನೇ ಹೊತ್ತಿದೆ, ಅದರ ಬಸ್ಸುಗಳು ಬೆಳಗಾವಿ ನಿಲ್ದಾಣಕ್ಕೆ ಬಂದು ಹೋಗುತ್ತವೆ.

ಹಲಸಿಯ ಶಿಲ್ಪಿಗಳು ಕಲ್ಲು ಕಡೆಯುತ್ತಿದ್ದ ಅದೇ ದಶಕದಲ್ಲಿ ಕಲ್ಯಾಣದಲ್ಲಿ ರಕ್ತ ಹರಿಯಿತು. ಕಲ್ಯಾಣದ ಸೈನ್ಯ ಬೆನ್ನಟ್ಟಿದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ನಡೆದದ್ದು ಈ ಸೀಮೆಯನ್ನು ಹಾಯ್ದೇ. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರು ಐಕ್ಯರಾದರೆಂದು ಭಕ್ತರು ನಂಬಿ ನಡೆದುಕೊಳ್ಳುತ್ತಾರೆ. ಹಲಸಿ ನೋಡಿಕೊಂಡು ಕಕ್ಕೇರಿಗೆ ಹೋಗುವವರು ತೀರ ಕಡಿಮೆ. ಅರಸರ ದಾನಶಾಸನ ಓದಿದವರು ಶರಣರು ನಡೆದ ದಾರಿಯನ್ನೂ ತುಳಿಯಬೇಕು.

ನಂದಗಡ ಆ ದಾರಿಗಳ ಪೇಟೆ. ಗೋವೆಯಿಂದ ಉಪ್ಪು, ತೆಂಗು, ಕೊಬ್ಬರಿ ಎಣ್ಣೆ, ಅಡಕೆ ಏರಿ ಬರುತ್ತಿದ್ದವು. ಬಯಲಿನ ಗೋದಿ, ಕಾಳುಕಡಿ ಇಳಿದು ಹೋಗುತ್ತಿದ್ದವು. ಹೇರೆತ್ತುಗಳು ಬಂದು ನಿಲ್ಲುತ್ತಿದ್ದ ಊರು. ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುವುದು ಇಲ್ಲಿ ಹೊಸದೇನಲ್ಲ.

1824ರಲ್ಲಿ ಕಿತ್ತೂರು ಬ್ರಿಟಿಷರ ಕೈಗೆ ಬಿದ್ದ ಮೇಲೆ ಸಂಸ್ಥಾನದ ಸೇವಕರ ಇನಾಮು ಹೊಲಗಳಿಗೆ ಕುತ್ತು ಬಂತು. ಸಂಗೊಳ್ಳಿಯ ವಾಲೀಕಾರ ರಾಯಣ್ಣನ ಹೊಲಕ್ಕೂ ಅದೇ ಗತಿಯಾಯಿತು. 1830ರ ಜನವರಿಯಲ್ಲಿ ಅವನ ದಂಡು ಬೀಡಿ ಎಂಬ ಊರಿನ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು. ನಂದಗಡ, ಖಾನಾಪುರ, ಸಂಪಗಾವಿಗಳಿಗೆ ದಾಳಿಯ ಬಿಸಿ ತಟ್ಟಿತು. ಕಚೇರಿಯ ದಫ್ತರ ಸುಡುವುದೆಂದರೆ ಹೊಸ ಸರ್ಕಾರದ ಕಂದಾಯದ ಲೆಕ್ಕವನ್ನೇ ಸುಡುವುದು. ಹೊಲಕ್ಕೆ ಕುತ್ತು ಬಂದ ವಾಲೀಕಾರನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕಿತ್ತೂರಿನ ರಾಣಿ ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸಬೇಕೆಂಬುದು ಅವನ ಹಟ. ಹಂಡಿಬಡಗನಾಥದ ಕಾಡು ಅವನಿಗೆ ಮರೆಯಾಯಿತು. ಕುದುರೆ, ತೋಪಿನ ಸೈನ್ಯ ಈ ಕಾಡಿನ ಕಾಲುದಾರಿಗಳಲ್ಲಿ ತಡಕಾಡಿತು. ಕೊನೆಗೆ ಅವನು ಸಿಕ್ಕಿದ್ದು ಹಿತಶತ್ರುಗಳ ಮೋಸದಿಂದ, ಡೋರಿ ಬೆಣಚಿಯ ಹಳ್ಳದಲ್ಲಿ ಮೀಯುತ್ತಿದ್ದಾಗ.

1831ರ ಜನವರಿ 26ರಂದು ಅವನನ್ನು ನಂದಗಡದ ಹತ್ತಿರ ಆಲದ ಮರಕ್ಕೆ ನೇಣು ಹಾಕಿದರು. ಬೆಳಗಾವಿಯ ಕೋಟೆಯ ಗೋಡೆಯೊಳಗೆ ಮುಗಿಸಬಹುದಾಗಿದ್ದ ಕೆಲಸವನ್ನು ಇಲ್ಲಿಗೆ ಏಕೆ ತಂದರು? ಪೇಟೆಗೆ ಬರುವ ಹೇರೆತ್ತಿನವರು, ರೈತರು, ಕಾಡಿನವರು ಎಲ್ಲರ ಕಣ್ಣಿಗೂ ಬೀಳಲಿ ಎಂಬುದಲ್ಲದೆ ಬೇರೆ ಕಾರಣ ತೋರುವುದಿಲ್ಲ. ಆದದ್ದೇ ಬೇರೆ. ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ಸಮಾಧಿಯ ಮೇಲೆ ನೆಟ್ಟನೆಂದು ಹೇಳುವ ಆಲದ ಸಸಿ ಹೆಮ್ಮರವಾಗಿದೆ. ಮಕ್ಕಳಾಗಲೆಂದು ಹರಕೆ ಹೊತ್ತ ಹೆಣ್ಣುಮಕ್ಕಳು ಅದರ ಕೊಂಬೆಗೆ ಪುಟ್ಟ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಹೊಸ ತೊಟ್ಟಿಲಿನ ಬಣ್ಣ ಇನ್ನೂ ಮಿನುಗುತ್ತಿರುವಾಗ ಹಳೆಯವು ಮಳೆಗೆ ಕಪ್ಪಾಗಿ ಪಕ್ಕದಲ್ಲೇ ತೂಗುತ್ತಿರುತ್ತವೆ. ಲಾವಣಿ, ಗೀಗೀಪದಗಳಲ್ಲಿ ರಾಯಣ್ಣ ಎಷ್ಟು ಬದುಕಿದ್ದಾನೋ ಈ ತೊಟ್ಟಿಲುಗಳಲ್ಲೂ ಅಷ್ಟೇ.

1880ರ ದಶಕದಲ್ಲಿ ರೈಲು ಬಂತು, ನಂದಗಡಕ್ಕಲ್ಲ. ಹಳಿ ಬೆಳಗಾವಿಯಿಂದ ಖಾನಾಪುರ, ಲೋಂಡಾ ಹಿಡಿದು ಕ್ಯಾಸಲ್‌ರಾಕ್‌ನತ್ತ ಸಾಗಿ, ಘಟ್ಟ ಇಳಿದು ಮರ್ಮಗೋವಾ ಬಂದರು ಸೇರಿತು. ಉಪ್ಪು, ಎಣ್ಣೆ ಬೋಗಿ ಹತ್ತಿದ ಮೇಲೆ ಹೇರೆತ್ತಿಗೆ ಕೆಲಸವೆಲ್ಲಿ? ಲೋಂಡಾ ಜಂಕ್ಷನ್ ಆಯಿತು.

ಹಳಿ ಹಾದುಹೋದ ಖಾನಾಪುರ ಪಟ್ಟಣದ ಹೆಸರು ಮಾತ್ರ ಮಣ್ಣಿನೊಂದಿಗೆ ಬೆಸೆದದ್ದು. ಮಲಪ್ರಭೆಯ ದಂಡೆಯ ಜೇಡಿಮಣ್ಣು ಇಲ್ಲಿನ ಕುಂಬಾರರ ಬಂಡವಾಳ. ಹಂಚಿನ ಕಾರ್ಖಾನೆಗಳೂ ಅದನ್ನೇ ನಂಬಿ ಎದ್ದವು. 1950ರ ದಶಕದಲ್ಲಿ ಇಲ್ಲಿ ನೆಲೆಗೊಂಡ ಗ್ರಾಮೀಣ ಕುಂಬಾರಿಕೆಯ ಕೇಂದ್ರ ಮುಂದೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಆಶ್ರಯದಲ್ಲಿ ಬೇರೆ ಬೇರೆ ರಾಜ್ಯಗಳ ಕುಂಬಾರರಿಗೂ ತರಬೇತಿ ಕೊಟ್ಟಿತು. ಗಡಿಗೆಯ ಕೆಲಸ ತಿಗರಿಯ ಮೇಲೆ ಮುಗಿಯುವುದಿಲ್ಲ. ದಾರದಿಂದ ಕೊಯ್ದು ಇಳಿಸಿದ ಹಸಿ ಗಡಿಗೆ ಅರೆ ಒಣಗಿದ ಮೇಲೆ, ಒಳಗೆ ಗುಂಡುಕಲ್ಲು ಆನಿಸಿ, ಹೊರಗಿನಿಂದ ಚಪ್ಪಟೆ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಹಿಗ್ಗಿಸಬೇಕು. ಪೆಟ್ಟು ಒಂದಿಷ್ಟು ಜೋರಾದರೆ ಬಿರುಕು, ಮೆತ್ತಗಾದರೆ ಗೋಡೆ ದಪ್ಪ. ಅದನ್ನು ನಿಂತು ನೋಡಿದವರು ಹರವಿಯ ಬೆಲೆಗೆ ಚೌಕಾಸಿ ಮಾಡಲಾರರು. ಪ್ರವಾಸದ ಬಸ್ಸುಗಳು ಇಲ್ಲಿ ಅರ್ಧ ತಾಸು ನಿಂತರೂ ಸಾಕು, ಗಡಿಗೆ ಮಾಡುವವರಿಗೆ ಗಿರಾಕಿ ಸಿಗುತ್ತಾರೆ.

ಪಶ್ಚಿಮಕ್ಕೆ ನಡೆದಷ್ಟೂ ಕಾಡು ದಟ್ಟವಾಗುತ್ತದೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ, 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಇದೇ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಮಾತ್ರ ಬೆನ್ನು ತಿರುಗಿಸಿ ಗೋವೆಗೆ ಇಳಿಯುತ್ತದೆ. ಆ ನೀರಿನ ಹಂಚಿಕೆಗೆ ದಶಕಗಳ ಜಗಳ ನಡೆದು, 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಎಂದು ತೀರ್ಪು ಕೊಟ್ಟಿತು.

ಪೋರ್ಚುಗೀಸರ ಮೇಲೆ ಕಣ್ಣಿಡಲು ಶಿವಾಜಿ ಬಳಸಿದ ಭೀಮಗಡದ ಸುತ್ತಲಿನ ಕಾಡು 2011ರ ಡಿಸೆಂಬರ್‌ನಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಕಾಡೊಳಗಿನ ತಳೇವಾಡಿ ಹಳ್ಳಿಯ ಬಳಿಯ ಬಾರಾಪೇಡೆ ಗುಹೆಯಲ್ಲಿ ರಾಟನ್ ಬಾವಲಿ ಎಂಬ ಅಪರೂಪದ ಬಾವಲಿಯಿದೆ. 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಮೇಲೆ ಬಹುಕಾಲ ಜಗತ್ತಿನಲ್ಲಿ ಅದರ ನೆಲೆಯೆಂದು ತಿಳಿದಿದ್ದುದು ಆ ಗುಹೆಯೊಂದೇ. ಅಂಥ ಕಡೆ ಟಾರ್ಚು ಹಿಡಿದು ನುಗ್ಗುವ ಪ್ರವಾಸ ಬೇಡವೇ ಬೇಡ.

ತಳೇವಾಡಿಯ ಒಕ್ಕಲುಗಳನ್ನು ಕಾಡಿನ ಹೊರಗೆ ನೆಲೆಗೊಳಿಸುವ ಕೆಲಸ 2025ರಲ್ಲಿ ಶುರುವಾಗಿದೆ. ಶಾಲೆ, ಆಸ್ಪತ್ರೆ ಬೇಕೆಂದು ಅವರು ಹೊರಬರುವುದು ನ್ಯಾಯವೇ. ಆದರೆ ಯಾವ ಹಳ್ಳವನ್ನು ಎಲ್ಲಿ ದಾಟಬೇಕು, ಭೀಮಗಡಕ್ಕೆ ಯಾವ ಬದಿಯಿಂದ ಏರಬೇಕು, ಗೋವೆಯ ಕಡೆಗಿನ ಹಳೆಯ ಕಾಲುದಾರಿ ಎಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕಾಶೆಗೂ ಗೊತ್ತಿಲ್ಲ. ಅವರಲ್ಲಿ ಒಪ್ಪಿದವರನ್ನು ಅರಣ್ಯ ಇಲಾಖೆ ಮಾರ್ಗದರ್ಶಿಗಳಾಗಿ ನೇಮಿಸಿಕೊಂಡು, ಅವರ ಬಾಯಲ್ಲಿರುವ ಹಳ್ಳ, ಕಣಿವೆ, ಏರುಗಳ ಹೆಸರನ್ನೆಲ್ಲ ಬರೆದಿಡಬೇಕು. ಆ ಮನೆತನಗಳು ಖಾನಾಪುರ, ಬೆಳಗಾವಿಯ ಓಣಿಗಳಲ್ಲಿ ಚದುರಿಹೋಗುವ ಮುಂಚೆಯೇ ಈ ಕೆಲಸ ಆಗಬೇಕು.